ದೀಪಶ್ರೀಯ ಕೆಲಸದ ಹುಡುಕಾಟ, ಕಥೆಗಾರನ ಅಡ್ಡಗಾಲು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಕಥೆಗಾರ ಮೊದಲು ಬರೆದದ್ದು ಹೀಗೆ: ‘ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ದೀಪಶ್ರೀ ಒಬ್ಬಳೇ ಕುಳಿತಿದ್ದಳು. ಕಣ್ಣು ತುಂಬಿ ಬಂದಿತ್ತು. ಆಕಾಶದಲ್ಲಿ ಒಂದು ಒಂಟಿ ಹಕ್ಕಿ...’

“ತಡೀರಿ ಸಾ,” ಅಂದಳು ದೀಪಶ್ರೀ. “ನಾನ್ಯಾವಾಗ ಕಣ್ಣೀರಾಕ್ದೆ? ಕೆಲ್ಸ ಹೋದ ದಿನ ಮನೇಗ್ ಬಂದು ಮುದ್ದೆ ಉಂಡು ಮನಿಕಂಡೆ. ಹಕ್ಕಿನೂ ಇರ್ನಿಲ್ಲ.”

(ಪಾತ್ರಗಳು ಹೀಗೆ ಬಾಯಿ ಹಾಕುವುದು ಕಥೆಗಾರನಿಗೆ ಹೊಸದು. ಆದರೂ ಹಕ್ಕಿಯನ್ನು ಹೊಡೆದುಹಾಕಿದ.)

1, ಮತ್ತೊಮ್ಮೆ

ನಡೆದದ್ದು ಇಷ್ಟು. ದೀಪಶ್ರೀ ಮಾಂಬಳ್ಳಿಯ ಸೊಸೆ, ನಲವತ್ತರ ಹತ್ತಿರದವಳು. ಕೊಳ್ಳೇಗಾಲದ ಒಂದು ಖಾಸಗಿ ಶಾಲೆಯಲ್ಲಿ ವ್ಯಾನುಗಳ ಉಸ್ತುವಾರಿ ಅವಳದಾಗಿತ್ತು. ಯಾವ ಊರಿನ ಮಕ್ಕಳು ಯಾವ ವ್ಯಾನು ಹತ್ತಬೇಕು, ಡ್ರೈವರ್ ಹುಷಾರು ತಪ್ಪಿದರೆ ಯಾರನ್ನು ಕಳಿಸಬೇಕು, ರಸ್ತೆಗೆ ಮರ ಬಿದ್ದರೆ ಯಾವ ದಾರಿ ಹಿಡಿಯಬೇಕು, ಎಲ್ಲವೂ ಅವಳ ಫೋನಿನಿಂದಲೇ ನಡೆಯುತ್ತಿತ್ತು. ಮಕ್ಕಳು ಕಮ್ಮಿಯಾದರು, ಶಾಲೆ ಮುಚ್ಚಿತು. ಗಂಡ ಕುಮಾರಸ್ವಾಮಿಗೆ ಮೈಸೂರಿನ ಫ್ಯಾಕ್ಟರಿಯಲ್ಲಿ ಕೆಲಸ. ಶನಿವಾರ ಬರುತ್ತಾನೆ, “ನಿನ್ನಿಷ್ಟ” ಅನ್ನುತ್ತಾನೆ, ಸೋಮವಾರ ಹೊರಡುತ್ತಾನೆ.

ಗಂಡನ ಅಣ್ಣ ಮಲ್ಲಿಕಾರ್ಜುನಸ್ವಾಮಿಗೆ ಊರಲ್ಲೇ ಬೀಜ-ಗೊಬ್ಬರದ ಅಂಗಡಿ. ಸುದ್ದಿ ತಿಳಿದದ್ದೇ ಬಂದು ಜಗಲಿಯ ಮೇಲೆ ಕೂತ.

“ನಮ್ಮಂಗ್ಡೀಲೇ ಕೂತ್ಕಳವ್ವ. ಮನೆಯೋರೇ ಅಲ್ವಾ, ಸಂಬ್ಳದ ಮಾತ್ಯಾಕೆ?”

ಭಾವ ಕೆಟ್ಟವನಲ್ಲ. ಆದರೆ ಆ ಸ್ಟೂಲಿನ ಮೇಲೆ ಒಮ್ಮೆ ಕೂತರೆ ಮತ್ತೆ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ದೀಪಾವಳಿಗಂಟ ಟೈಮ್ ಕೊಡಿ ಭಾವ. ಅಷ್ಟ್ರಲ್ಲಿ ಸಿಗ್ನಿಲ್ಲ ಅಂದ್ರೆ ಬಂದು ಕೂತ್ಕತೀನಿ.”

2

ಮೊದಲು ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಒಂದೇ ಬಯೋಡೇಟಾ, ಕಂತೆಗಟ್ಟಲೆ ಜೆರಾಕ್ಸು. ಆಸ್ಪತ್ರೆ, ಬೈಕ್ ಶೋರೂಮು, ಸೀರೆ ಅಂಗಡಿ, ಎಲ್ಲ ಕಡೆ “ಇಟ್ಟೋಗಿ, ಫೋನ್ ಮಾಡ್ತೀವಿ.” ಒಂದು ಕಡೆಯಂತೂ ಅವಳು ಬಾಗಿಲು ದಾಟುವ ಮೊದಲೇ ಬಯೋಡೇಟಾದ ಮೇಲೆ ಟೀ ಲೋಟ ಕೂತಿತು.

(ಓದುಗರೇ, ಇಲ್ಲಿ ಕಥೆಗಾರನಿಗೆ ಮತ್ತೆ ಅವಳು ಅಳುವಂತೆ ಮಾಡುವ ಚಪಲ ಹುಟ್ಟಿತು. ಕೆಲಸವಿಲ್ಲದವರ ಕಥೆಯೆಂದರೆ ಗೋಳೇ ಎಂದು ನಂಬಿ ಬೆಳೆದವನು, ಕ್ಷಮಿಸಿ.)

ಅತ್ತದ್ದಿಲ್ಲ, ಸಿಟ್ಟು ಬಂತು, ಅದೂ ತನ್ನ ಮೇಲೆ. ವಾಪಸು ಬರುವ ಬಸ್ಸಿನಲ್ಲಿ ಯೋಚಿಸಿದಳು. ಅಗರದ ಓಣಿಗೆ ಕಳಿಸುವ ಸಣ್ಣ ವ್ಯಾನನ್ನೇ ರಾಮಾಪುರದ ದೂರದ ರಸ್ತೆಗೂ ಕಳಿಸುತ್ತಿದ್ದೆನಾ? ಇಲ್ಲವಲ್ಲ. ಮತ್ತೆ ಈ ಒಂದೇ ಕಾಗದವನ್ನು ಊರೆಲ್ಲ ಹಂಚುತ್ತಿದ್ದೇನಲ್ಲ, ಯಾಕೆ?

ಅಂದಿನಿಂದ ಹುಡುಕುವುದನ್ನೇ ಒಂದು ಕೆಲಸ ಮಾಡಿಕೊಂಡಳು. ಬೆಳಗ್ಗೆ ಶಾಲೆಗೆ ಹೊರಡುತ್ತಿದ್ದ ಹೊತ್ತಿಗೇ ಸೀರೆ ಉಟ್ಟು ತಯಾರು. ಯಳಂದೂರಿಗೆ ಒಂದು ದಿನ, ಕೊಳ್ಳೇಗಾಲಕ್ಕೆ ಎರಡು, ಹನೂರಿಗೆ ಒಂದು. ಶುಕ್ರವಾರ ಮನೆಯಲ್ಲೇ ಕೂತು, ಆ ವಾರ ಕಂಡವರಿಗೆಲ್ಲ ಫೋನು. ‘ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್’ ಎಂಬ ದೊಡ್ಡ ಹೆಸರನ್ನು ತೆಗೆದು, ತಾನು ನಿಜವಾಗಿ ಏನು ಮಾಡುತ್ತಿದ್ದೆ ಎಂದು ಬರೆದಳು. ಒಂದೊಂದು ಜಾಗಕ್ಕೆ ಅಲ್ಲಿಗೆ ಬೇಕಾದದ್ದನ್ನು ಮುಂದಿಟ್ಟು. ಹಳೆಯ ಡ್ರೈವರುಗಳು, ಮಕ್ಕಳ ತಂದೆತಾಯಂದಿರು, ಯಾರನ್ನೂ ಬಿಡಲಿಲ್ಲ. ‘ಕೆಲಸ ಇದ್ದರೆ ಹೇಳಿ’ ಎಂದು ಮಾತ್ರ ಕೇಳಲಿಲ್ಲ. “ನಿಮ್ಮಲ್ಲಿ ಯಾವ್ ಕೆಲ್ಸ ಸರ್ಯಾಗ್ ನಡೀತಿಲ್ಲ?” ಎಂದು ಕೇಳಿದಳು. ಆಗ ಜನ ಬಾಯಿ ತುಂಬ ಮಾತಾಡಿದರು.

3

ಇಲ್ಲಿ ಅತ್ತೆಯನ್ನು ತರಬೇಕು. ಕಥೆಗಾರನ ಹಂಚಿಕೆಯಲ್ಲಿ ಸುವರ್ಣಮ್ಮ ಸೊಸೆಯ ಕಾಲಿಗೆ ತೊಡರುವ ಬಳ್ಳಿ.

“ನಂದೇನ್ ಟಿವಿ ಧಾರಾವಾಹಿನಾ?” ಅಂದರು ಸುವರ್ಣಮ್ಮ, ಅವರೆಕಾಯಿ ಸುಲಿಯುತ್ತ. ಬಳ್ಳಿಯೂ ಹೋಯಿತು.

ನಿಜವಾಗಿ ಆದದ್ದು: ದೀಪಶ್ರೀ ಅತ್ತೆಯ ಎದುರು ಕುರ್ಚಿ ಹಾಕಿಕೊಂಡು ಕೂತಳು. “ಅತ್ತೆ, ನಂಗೆ ಇಂಟರ್ವ್ಯೂ ಮಾಡಿ. ಕೆಲ್ಸ ಕೊಡೋರು ನೀವೇ ಆಗಿದ್ರೆ ಏನ್ ಕೇಳ್ತಿದ್ರೋ ಅದ್ನ ಕೇಳಿ.”

ಸುವರ್ಣಮ್ಮ ಸೆರಗು ಸರಿ ಮಾಡಿಕೊಂಡು ಗಂಭೀರವಾದರು. “ಸಿಟ್ಟು ಬಂದ್ರೆ ಏನ್ ಮಾಡೀಯೆ?”

“ನಂಗೆ ಸಿಟ್ಟು ಬರಲ್ಲ ಮೇಡಂ.”

“ಸುಳ್ಳೇಳ್ಬ್ಯಾಡ. ನೀ ಪಾತ್ರೆ ಕುಕ್ಕದ್ನ ನಾ ಕಂಡಿಲ್ವಾ?”

ದೀಪಶ್ರೀ ನಕ್ಕಳು. ಆಮೇಲೆ ಯೋಚಿಸಿ ಹೇಳಿದಳು. “ಬತ್ತದೆ. ಬಂದಾಗ ಫೋನ್ ಕೆಳಗಿಟ್ಟು, ಒಂದ್ ಲೋಟ ನೀರ್ ಕುಡ್ದು, ಆಮೇಲ್ ಮಾತಾಡ್ತೀನಿ.”

“ಇದು ಮಾತು. ನಾಳಿಂದ ಬಾ.”

4

ದಾರಿ ತೋರಿಸಿದವನು ನಿಂಗರಾಜು. ಹಿಂದೆ ಶಾಲೆಯ ವ್ಯಾನು ಓಡಿಸುತ್ತಿದ್ದವನು ಈಗ ಹನೂರಿನಾಚೆ ರೈತರೇ ಸೇರಿ ಕಟ್ಟಿದ ಒಂದು ಕಂಪನಿಗೆ ಗೂಡ್ಸ್ ಗಾಡಿ ಓಡಿಸುತ್ತಿದ್ದ.

“ಅಕ್ಕಾ, ಟೊಮೊಟೊ ಕಾಯ್ಕಂಡಿರದು ಒಂದೂರಲ್ಲಿ, ಗಾಡಿ ನಿಂತಿರದು ಇನ್ನೊಂದೂರಲ್ಲಿ. ರೈತ್ರು ಬೈತಾರೆ, ನಾವು ಬೈಸ್ಕತೀವಿ. ಯೋಳೋರು ಕೇಳೋರು ಇಲ್ಲ.”

ಅವಳು ಆ ವಾರವೇ ಹೋದಳು. ಮ್ಯಾನೇಜರ್ ಕೆಂಪನಂಜಪ್ಪ ತಲೆಯೆತ್ತದೆ ಅಂದರು: “ವೇಕೆನ್ಸಿ ಇಲ್ಲ ಕಣಮ್ಮ.”

“ಗೊತ್ತು ಸಾ. ಒಂದ್ ಬೆಳಗ್ಗೆ ಇಲ್ಲಿ ನಿಂತು ನೋಡ್ತೀನಿ, ಅಷ್ಟೇಯ.”

ನೋಡಿದಳು. ರೈತರೊಡನೆ ಮಾತಾಡಿದಳು; ಗಡಿಯಾಚೆಯಿಂದ ಬಂದ ಲಾರಿಯವನೊಡನೆ ಮುರುಕು ತಮಿಳಿನಲ್ಲೇ ಹರಟಿದಳು. ಶುಕ್ರವಾರ ಕೆಂಪನಂಜಪ್ಪನವರಿಗೆ ಫೋನು ಮಾಡಿ, ಗಾಡಿಗಳನ್ನು ಊರಿಂದೂರಿಗೆ ಹೇಗೆ ತಿರುಗಿಸಬಹುದು ಎಂದು ವಿವರಿಸಿದಳು. ಅವರು ಪೂರ್ತಿ ಕೇಳಿದರು. “ನಾನೂ ಇದ್ನೇ ಯೋಳ್ತಾ ಇವ್ನಿ, ಮಾಡೋರಿಲ್ಲ. ಡೈರೆಕ್ಟ್ರುನ್ನ ಕೇಳ್ಬೇಕು,” ಅಂದರು. ಆಮೇಲೆ ಸುದ್ದಿಯಿಲ್ಲ.

ಹಬ್ಬ ಹತ್ತಿರ ಬಂತು. ಭಾವ ಅಂಗಡಿಗೆ ಹೊಸ ಸ್ಟೂಲು ತಂದ. ಅದೇ ವಾರ ಯಳಂದೂರಿನ ಒಂದು ನರ್ಸಿಂಗ್ ಹೋಮಿನಿಂದ ಫೋನು: ರಿಸೆಪ್ಷನ್ ಕೆಲಸ, ಸೋಮವಾರವೇ ಬನ್ನಿ. ಮನೆಗೆ ಹತ್ತಿರ, ನೆರಳಿನ ಕೆಲಸ. ಮನೆಯವರೆಲ್ಲ ಸಂತೋಷಪಟ್ಟರು. ಅವಳೂ ಪಟ್ಟಳು, ಮುಕ್ಕಾಲು ಪಾಲು.

ಉಳಿದ ಕಾಲು ಪಾಲಿಗಾಗಿ ಕೆಂಪನಂಜಪ್ಪನವರಿಗೆ ಮತ್ತೆ ಫೋನು ಹಚ್ಚಿದಳು. “ಸಾ, ಯಳಂದೂರಲ್ಲಿ ನಂಗೆ ಕೆಲ್ಸ ಸಿಕ್ಕದೆ. ಆದ್ರೆ ನಿಮ್ಮ ಕೆಲ್ಸ ಮಾಡ್ಬೇಕು ಅಂತ ನನ್ನಾಸೆ. ಆಗಲ್ಲ ಅಂದ್ರೆ ಆಗಲ್ಲ ಅಂದ್ಬುಡಿ, ಬೇಜಾರಿಲ್ಲ.”

ಕೆಂಪನಂಜಪ್ಪ ಅಂದರು: “ನಾಳೆ ಬನ್ನಿ. ಡೈರೆಕ್ಟ್ರು ಇರ್ತಾರೆ.”

5

ಡೈರೆಕ್ಟರುಗಳಲ್ಲಿ ಹಿರಿಯರು ದೊಡ್ಡಮಾದಪ್ಪ. ಕೇಳಿದ್ದು ಒಂದೇ ಪ್ರಶ್ನೆ. “ಮಾಂಬಳ್ಳಿಯಿಂದ ಎರಡೆರಡು ಬಸ್ ಅತ್ಕಂಡು ಬತ್ತೀಯ. ಎಷ್ಟ್ ದಿನ ಇದ್ದೀಯವ್ವ?”

ಅವಳು ಕೊನೆತನಕ ಎಂದು ಹೇಳಿಬಿಡಬಹುದಿತ್ತು. “ಗೊತ್ತಿಲ್ಲ ಸಾ. ಇರೋಗಂಟ ನಿಮ್ಮ ಗಾಡಿ ಸುಮ್ನೆ ನಿಲ್ಲಕಿಲ್ಲ.”

ಇನ್ನು ಮುಕ್ತಾಯ. ಕಥೆಗಾರನ ಬಳಿ ಎರಡು ಸಿದ್ಧವಾಗಿದ್ದವು. ಒಂದರಲ್ಲಿ ಅವರು ಒಲ್ಲೆ ಅನ್ನುತ್ತಾರೆ. ಅಷ್ಟರಲ್ಲಿ ಯಳಂದೂರಿನದೂ ಕೈತಪ್ಪಿ, ದೀಪಶ್ರೀ ಗೊಬ್ಬರದ ಚೀಲಗಳ ನಡುವೆ ಮಂಕಾಗಿ ಕೂರುತ್ತಾಳೆ. (ಬಹುಮಾನ ಬರುವ ಸಾಧ್ಯತೆ ಇದಕ್ಕೇ ಹೆಚ್ಚು.) ಇನ್ನೊಂದರಲ್ಲಿ ಅವಳೇ ಕಂಪನಿಯ ಮುಖ್ಯಸ್ಥೆಯಾಗಿ, ಕಾರಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಊರಿಗೆ ಬರುತ್ತಾಳೆ.

“ಎರಡೂ ಬ್ಯಾಡಿ ಸಾ. ಎರಡ್ನೇದು ಓದಕ್ಕೇ ನಾಚ್ಕೆ ಆಯ್ತದೆ.”

ಸರಿ, ಆದದ್ದನ್ನೇ ಹೇಳುವುದು. ಆರು ತಿಂಗಳು ನೋಡೋಣ ಎಂದು ಒಪ್ಪಿದರು. ಅವಳು ಅದನ್ನು ಬರವಣಿಗೆಯಲ್ಲಿ ಕೇಳಿ ಪಡೆದಳು. ಯಳಂದೂರಿಗೆ ತಾನೇ ಹೋಗಿ, ಬರಲಾಗುವುದಿಲ್ಲ ಎಂದು ತಿಳಿಸಿ ಕೈಮುಗಿದು ಬಂದಳು. ಸಂಜೆ ಭಾವನ ಅಂಗಡಿಗೆ ಹೋದಳು.

“ಭಾವ, ನಾನ್ ಬರಲ್ಲ. ಅಗರದ ಕೋಮಲ ಅಂತ ಒಬ್ಳವ್ಳೆ, ಬಿ.ಕಾಂ ಮಾಡವ್ಳೆ. ನನ್ನಂಗೇ ಕೆಲ್ಸ ಹುಡುಕ್ತಾ ಸಿಕ್ಕಿದ್ಲು. ಅವಳ್ನ ಕರೀರಿ. ಆದ್ರೆ ಸಂಬ್ಳ ಮಾತಾಡ್ಕಂಡೇ ಕರೀರಿ.”

ಭಾವ ಜೇಬಿನಿಂದ ಫೋನು ತೆಗೆದ. “ಆಗ್ಲಿ ಬಿಡು, ನಂಬರ್ ಕೊಡು,” ಅಂದ.

6 (ಇದು ಕೊನೆಯಲ್ಲ)

ಆದರೂ ಕಥೆಗೊಂದು ಕೊನೆ ಬೇಡವೇ? ಅವಳು ಕೆಲಸಕ್ಕೆ ಸೇರಿದ ದಿನ ಕಥೆಗಾರ ಪೆನ್ನು ಹಿಡಿದು ಹನೂರಿನಾಚೆಯ ಆ ಕಂಪನಿಗೇ ಹೋದ. ಶೆಡ್ಡಿನ ತುಂಬ ಟೊಮೊಟೊ ಕ್ರೇಟುಗಳು. ದೀಪಶ್ರೀ ಒಂದು ಕಿವಿಗೆ ಕನ್ನಡದ ಫೋನು, ಇನ್ನೊಂದಕ್ಕೆ ತಮಿಳಿನದು ಇಟ್ಟುಕೊಂಡು ನಿಂತಿದ್ದಳು.

“ದೀಪಶ್ರೀಯವರೇ, ಕೊನೇ ಸಾಲು ಒಂದು ಬೇಕಿತ್ತು.”

“ಕೊನೇದಾ? ಇವತ್ತು ಮೊದಲ್ನೇ ದಿನ ಸಾ!” ಅಷ್ಟರಲ್ಲಿ ಅವಳ ಕಣ್ಣು ಅವನ ಬೆನ್ನ ಹಿಂದೆ ಹೋಯಿತು. “ಒಸಿ ಅತ್ಲಾಗ್ ನಿಂತ್ಕಳಿ. ಗಾಡಿ ರಿವರ್ಸ್ ಬತ್ತಾ ಅದೆ.”

ಕಥೆಗಾರ ಪಕ್ಕಕ್ಕೆ ಸರಿದ.