ಅಕ್ಕಿ ಹಡಗಿನಲ್ಲಿ ಸಿಕ್ಕವನು

ಆ ಹಡಗನ್ನು ನೋಡಬೇಕೆಂದು ಯಾವ ಅತಿಥಿಯೂ ಕೇಳದಿರಲಿ ಎಂದು ಅನ್ಸಿತೊ ಎರಡು ವಾರದಿಂದ ಹಾರೈಸುತ್ತಿದ್ದ. ಯಾರಾದರೂ ಕೇಳಿಬಿಡಲಿ ಎಂದೂ ಅಷ್ಟೇ ಹಾರೈಸುತ್ತಿದ್ದ. ಅವನು ಪೆಸಿಫಿಕ್ ಸಾಗರದ ಚೂಕ್ ದ್ವೀಪಸಮೂಹದಲ್ಲಿ, ವೆನೊ ದ್ವೀಪದ ಒಂದು ಡೈವಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹೊರದೇಶದವರನ್ನು ದಿನಕ್ಕೆರಡು ಸಲ ನೀರಿನೊಳಗೆ ಇಳಿಸಿ, ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಜಪಾನಿ ಹಡಗುಗಳನ್ನು ತೋರಿಸಿ, ಸಂಜೆಗೆ ಕ್ಷೇಮವಾಗಿ ದಡ ಮುಟ್ಟಿಸುವುದು ಅವನ ಕೆಲಸ.

ಚೂಕ್‌ನ ಒಳಕಡಲಿನಲ್ಲಿ ಅಂಥ ಹಡಗುಗಳಿಗೇನೂ ಬರವಿಲ್ಲ. ಬಂದವರೆಲ್ಲ ದೊಡ್ಡ ಹಡಗು, ವಿಮಾನ, ಫಿರಂಗಿ ಇರುವ ಕಡೆಗೇ ಹೋಗಬಯಸುತ್ತಾರೆ. ತೊನೊವಾಸ್ ದ್ವೀಪದ ಪಕ್ಕದಲ್ಲಿ ಮಲಗಿರುವ ಈ ಸಣ್ಣ ಸರಕು ಹಡಗನ್ನು ಕೇಳುವವರು ಕಡಿಮೆ. ನಮ್ಮವರು ಅದನ್ನು ಅಕ್ಕಿ ಹಡಗು ಎನ್ನುತ್ತಾರೆ. ಅದು ಮುಳುಗಿದ ವಾರ ಅಕ್ಕಿಯ ಮೂಟೆಗಳು ದಡಕ್ಕೆ ಬಂದು ಬಿದ್ದಿದ್ದವಂತೆ. ಹಸಿದಿದ್ದ ಜನ ಆ ಅಕ್ಕಿಯನ್ನು ಚಾಪೆಯ ಮೇಲೆ ಒಣಗಿಸಿ, ಎಣ್ಣೆಯ ನಾತ ಬಡಿಯುತ್ತಿದ್ದರೂ ಬೇಯಿಸಿ ತಿಂದರಂತೆ. ಅಕ್ಕಿ ಮುಗಿದು ಎಷ್ಟೋ ಕಾಲವಾಯಿತು. ಮುಂಭಾಗದ ಸರಕಿನ ಕೋಣೆಯಲ್ಲಿ ತುಂಬಿದ್ದ ತೋಪಿನ ಗುಂಡುಗಳು ಮಾತ್ರ ಇನ್ನೂ ಹಾಗೇ ಇವೆ. ಕೆಲವರು ಕದ್ದು ಇಳಿದು, ಅವನ್ನು ಒಡೆದು ಸಿಡಿಮದ್ದು ತೆಗೆದು, ಬಾಟಲಿಗೆ ತುಂಬಿ ಬಾಂಬಿನಂತೆ ಮೀನಿನ ಹಿಂಡಿನ ಮೇಲೆ ಎಸೆಯುತ್ತಾರೆ. ಯಾರು ಎಂದು ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಹೇಳುವವರಿಲ್ಲ.

ಅನ್ಸಿತೊನ ಹೆಂಡತಿ ಸಿನಾಕೊಗೆ ಇದ್ದವನು ಒಬ್ಬನೇ ತಮ್ಮ, ಮಿತಾರೊ. ನಗುನಗುತ್ತ ಓಡಾಡಿಕೊಂಡಿದ್ದ ಆಳು. ಚರ್ಚಿನ ಹಾಡಿನಲ್ಲಿ ಅವನದೇ ದೊಡ್ಡ ಗಂಟಲು. ಒಂದು ಬೆಳಗ್ಗೆ ದೋಣಿ ತೆಗೆದುಕೊಂಡು ಹೋದವನು ವಾಪಸು ಬರಲಿಲ್ಲ. ದೋಣಿ ಹೊರಗಿನ ಹವಳದಿಬ್ಬದ ಹತ್ತಿರ ಖಾಲಿಯಾಗಿ ತೇಲುತ್ತಿತ್ತು. ಹೊರಕಡಲಿಗೆ ಕೊಚ್ಚಿಹೋಗಿದ್ದಾನೆ ಎಂದುಕೊಂಡು ಊರಿನ ದೋಣಿಗಳೆಲ್ಲ ಆ ದಿಕ್ಕಿನಲ್ಲೇ ಹುಡುಕಿದವು. ಹುಡುಕಾಟ ನಿಂತ ಮೇಲೂ ಸಿನಾಕೊ ದಿನಾ ಬೆಳಗ್ಗೆ ನೀರು ಇಳಿದ ಹೊತ್ತಿಗೆ ದಡದುದ್ದಕ್ಕೂ ನಡೆಯುತ್ತಿದ್ದಳು. ಮ್ಯಾಂಗ್ರೋವ್ ಬೇರುಗಳ ಸಂದಿಯಲ್ಲಿ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಹವಳ ತರಚಿ ಕಾಲಿಗೆ ಆದ ಗಾಯಗಳು ಕೀವುಗಟ್ಟಿದ್ದವು.

ಮಿತಾರೊ ಕಾಣೆಯಾದ ಮರುದಿನವೇ ಅಂಗಡಿಯಲ್ಲಿ ಉಸಿರಾಟದ ಗಾಳಿ ತುಂಬಿದ ಒಂದು ಹಳದಿ ಸಿಲಿಂಡರ್ ಇಲ್ಲದ್ದನ್ನು ಅನ್ಸಿತೊ ಗಮನಿಸಿದ್ದ. ಯಾರಿಗೂ ಹೇಳಲಿಲ್ಲ. ಅವನು ಇದ್ದದ್ದು ತೊನೊವಾಸ್ ದ್ವೀಪದಲ್ಲಿ, ಹೆಂಡತಿಯ ಮನೆತನದ ನೆಲದಲ್ಲಿ. ಆ ಮನೆತನಕ್ಕೆ ಹಿರಿಯ ಸಿನಾಕೊಳ ಸೋದರಮಾವ ಕಿಮಿವೊ. ಮಿತಾರೊ ಮದ್ದು ತೆಗೆಯಲು ಹೋಗುತ್ತಿದ್ದದ್ದು ಕಿಮಿವೊನ ಮಗನ ಜೊತೆಗೆ. ಬಾಯಿಬಿಟ್ಟರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಅಂಜಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ತಾನು ಹೇಳುವವರೆಗೆ ಮಿತಾರೊ ಎಲ್ಲೋ ಒಂದು ದ್ವೀಪದಲ್ಲಿ ಬದುಕಿರಬಹುದು ಎಂದು ಸಿನಾಕೊ ನಂಬಿಕೊಂಡಿರುತ್ತಾಳೆ. ಆ ನಂಬಿಕೆಯನ್ನು ತನ್ನ ಕೈಯಾರೆ ಕಿತ್ತುಕೊಳ್ಳುವ ಧೈರ್ಯ ಅವನಿಗೆ ಬರಲಿಲ್ಲ.

ಹಾಗಿರುವಾಗ ಜಪಾನಿನಿಂದ ಹತ್ಸುಯೆ ಎಂಬ ಹೆಂಗಸು ಬಂದಳು. ಅರವತ್ತು ದಾಟಿದ, ಗುಬ್ಬಿಯಂಥ ಮೈಯವಳು. ತನ್ನ ಊರಿನ ಫೆರ್ರಿ ದೋಣಿಯಲ್ಲಿ ಟಿಕೆಟು ಹರಿದುಕೊಡುವ ಕೆಲಸ ಮಾಡಿ ನಿವೃತ್ತಳಾಗಿದ್ದಳು. ಅವಳಿಗೆ ಬೇರೆ ಯಾವ ಹಡಗೂ ಬೇಡವಾಗಿತ್ತು. ಅವಳ ಅಜ್ಜಿಯ ತಮ್ಮ ಅಕ್ಕಿ ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದನಂತೆ. ಅಲ್ಲೇ ಹೋದನಂತೆ. ಅಂಗಡಿಯ ಮಾಲೀಕ ಒಪ್ಪಿಕೊಂಡು, ನಾಳೆ ನೀನೇ ಕರೆದುಕೊಂಡು ಹೋಗು ಎಂದು ಅನ್ಸಿತೊಗೆ ಹೇಳಿದ.

ಬೆಳಗ್ಗೆ ಮೋಡ ಕವಿದಿತ್ತು. ದೋಣಿ ನಡೆಸಲು ಮುದುಕ ತೆರುವೊ ಬಂದ. ಅನ್ಸಿತೊನ ತಾಯಿಯ ಕಡೆಯವನು. ಎಲ್ಲಿಗೆ ಎಂದು ಕೇಳಿ ತಿಳಿದ ಮೇಲೆ ಅವನು ಬೀಡಾ ಅಗಿಯುವುದನ್ನು ನಿಲ್ಲಿಸಿ ಒಮ್ಮೆ ಅನ್ಸಿತೊನ ಮುಖ ನೋಡಿದ. ಹತ್ಸುಯೆ ಒಂದು ಪುಟ್ಟ ಬಾಟಲಿಯನ್ನು ಕೈವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವಳ ಊರಿನ ಅಕ್ಕಿಯ ಮದ್ಯ. ಅನ್ಸಿತೊಗೆ ಜಪಾನಿನವರ ಆಳ್ವಿಕೆ ಕಂಡಿದ್ದ ಅಜ್ಜನಿಂದ ಬಂದ ಹರಕುಮುರುಕು ಜಪಾನಿ ಭಾಷೆ ಗೊತ್ತಿತ್ತು. ಸತ್ತವನಿಗೆ ಕುಡಿಯುವ ಅಭ್ಯಾಸವಿತ್ತೇ ಎಂದು ಕೇಳಿದ. ಗೊತ್ತಿಲ್ಲ, ಹೋಗುವಾಗ ಅವನಿಗೆ ಹತ್ತೊಂಬತ್ತು ವರ್ಷ ಎಂದಳು.

ಲಂಗರಿನ ಹಗ್ಗ ಹಿಡಿದು ಇಬ್ಬರೂ ಇಳಿದರು. ನೀರು ಮಂಕಾಗಿತ್ತು. ಮೊದಲು ಹಡಗಿನ ಪಟಕಂಬ ಕಂಡಿತು, ಆಮೇಲೆ ಹವಳ ಬೆಳೆದು ದಪ್ಪಗಾದ ಕಟಕಟೆ. ಹತ್ಸುಯೆ ಚೆನ್ನಾಗಿ ಪಳಗಿದ ಈಜುಗಾರ್ತಿ. ಕೈಕಾಲು ಬಡಿಯದೆ, ಹೂಳು ಏಳಿಸದೆ ಸಾಗುತ್ತಿದ್ದಳು. ಇಂಜಿನ್ ಕೋಣೆಯ ಮೇಲಿನ ಕಿಂಡಿಯ ಬಳಿ ಅನ್ಸಿತೊ ಟಾರ್ಚು ಹಿಡಿದ. ಕೆಳಗೆ ಕಬ್ಬಿಣದ ಏಣಿಗಳು ಕತ್ತಲೆಗೆ ಇಳಿದು ಹೋಗಿದ್ದವು. ಅವಳು ಬಾಟಲಿಯ ಬಿರಡೆ ತೆಗೆದು ಬಾಗಿಸಿದಳು. ಮದ್ಯ ನೀರಿನಲ್ಲಿ ಒಂದು ಕ್ಷಣ ಬಿಸಿಲಿನ ಝಳದಂತೆ ನಡುಗಿ ಕರಗಿತು. ಸ್ವಲ್ಪ ಉಳಿಸಿಕೊಂಡು ಬಿರಡೆ ಹಾಕಿ, ಕೈ ಮುಗಿದು ಬಹಳ ಹೊತ್ತು ಹಾಗೇ ತೇಲುತ್ತ ನಿಂತಳು.

ಅನ್ಸಿತೊ ಅವಳ ಸಿಲಿಂಡರಿನ ಗಾಳಿ ಅಳೆಯುವ ಮುಳ್ಳು ನೋಡಿದ, ತನ್ನದನ್ನು ನೋಡಿಕೊಂಡ. ಇಬ್ಬರಲ್ಲೂ ಬೇಕಾದಷ್ಟಿತ್ತು. ಅವನು ಮುಂಭಾಗದ ಸರಕಿನ ಕೋಣೆಯ ಕಡೆ ಕೈ ತೋರಿಸಿ, ನೀವು ಇಲ್ಲೇ ಇರಿ ಎಂದು ಸನ್ನೆ ಮಾಡಿದ. ಅವಳು ತಲೆ ಅಲ್ಲಾಡಿಸಿ ಹಿಂದೆಯೇ ಬಂದಳು.

ಸರಕಿನ ಕೋಣೆಯ ತಳದಲ್ಲಿ ಗುಂಡುಗಳು ಒಂದರ ಮೇಲೊಂದು ಒರಗಿದ್ದವು. ಒಂದು ಕಡೆ ತುಕ್ಕು ಕೆರೆದು ಹೊಸದಾಗಿ ಹೊಳೆಯುತ್ತಿತ್ತು. ಅಲ್ಲಿಂದಾಚೆ ಕಬ್ಬಿಣದ ಗೋಡೆಯಲ್ಲಿ ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು ಬಾಗಿಲು. ಅದರೊಳಗೆ ಟಾರ್ಚು ಬಿಟ್ಟಾಗ ದೂರದ ಮೂಲೆಯಲ್ಲಿ ಹಳದಿ ಬಣ್ಣ ಕಂಡಿತು.

ಹತ್ಸುಯೆಯೂ ನೋಡಿದಳು. ಏನು ಅರ್ಥವಾಯಿತೋ, ಅವಳು ಬಾಗಿಲಿನ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ತನ್ನ ಟಾರ್ಚನ್ನು ಒಳಗೆ ನೆಟ್ಟಗೆ ಹಿಡಿದುಕೊಂಡಳು. ಅನ್ಸಿತೊ ಸೊಂಟದ ದಾರವನ್ನು ಚೌಕಟ್ಟಿಗೆ ಕಟ್ಟಿ ಒಳಗೆ ಹೋದ.

ಎರಡು ವಾರದಲ್ಲಿ ನೀರೂ ಮೀನೂ ತಮ್ಮ ಕೆಲಸ ಮಾಡಿದ್ದವು. ಅವನು ಮುಖದ ಕಡೆಗೆ ಬೆಳಕು ಬಿಡಲಿಲ್ಲ. ಕೆಂಪು ಚಡ್ಡಿ, ಅದರ ಪಕ್ಕೆಯಲ್ಲಿ ಸಿನಾಕೊ ಹಾಕಿದ್ದ ದಪ್ಪ ಹೊಲಿಗೆ, ಇಷ್ಟು ಸಾಕಾಗಿತ್ತು. ಪಕ್ಕದಲ್ಲಿ ಅರ್ಧ ತುಂಬಿದ ಬಲೆಯ ಚೀಲ ಇತ್ತು. ಹೊರಬರುವ ದಾರಿ ತೋರಿಸುವ ದಾರ ಅವನ ಬಳಿ ಇರಲಿಲ್ಲ. ಮದ್ದು ಕೆರೆಯುವಾಗ ಹೂಳೆದ್ದು ಏನೂ ಕಾಣದಾಗಿರಬೇಕು. ಮಿತಾರೊ ಬಾಗಿಲಿಗೆ ಬೆನ್ನು ಹಾಕಿ, ಎದುರಿನ ಗೋಡೆಗೆ ಒತ್ತಿಕೊಂಡು ಕೂತಿದ್ದ. ಆ ಗೋಡೆಯ ತುಕ್ಕಿನ ಮೇಲೆಲ್ಲ ಬೆರಳಿನ ಗೀರುಗಳಿದ್ದವು. ಇಲ್ಲದ ಕಡೆ ಬಾಗಿಲು ಹುಡುಕಿದ್ದ.

ಅನ್ಸಿತೊ ಅವನ ತೋಳು ಹಿಡಿದು ಎಳೆಯಲು ನೋಡಿದ. ಸಿಲಿಂಡರು ಎಲ್ಲೋ ಸಿಕ್ಕಿಕೊಂಡಿತ್ತು. ಹೂಳು ಏಳತೊಡಗಿತು. ಬಾಗಿಲಿನ ಬೆಳಕು ಹಳದಿಯಾಗಿ, ಆಮೇಲೆ ಕಂದುಬಣ್ಣಕ್ಕೆ ತಿರುಗಿ, ಬಹುತೇಕ ಇಲ್ಲವಾಯಿತು. ತನ್ನ ಉಸಿರು ಏರುತ್ತಿರುವುದು ಅವನ ಕಿವಿಗೇ ಕೇಳುತ್ತಿತ್ತು. ಒಬ್ಬನಿಂದ ಆಗುವ ಕೆಲಸವಲ್ಲ. ದಾರದ ತುದಿಯನ್ನು ಮಿತಾರೊನ ಸಿಲಿಂಡರಿಗೆ ಗಂಟು ಹಾಕಿ, ಅದೇ ದಾರವನ್ನು ಕೈಯಲ್ಲಿ ಸವರುತ್ತ ಹೊರಗೆ ಬಂದ. ಹತ್ಸುಯೆ ಕದಲದೆ ಅಲ್ಲೇ ಇದ್ದಳು. ಉಳಿದಿದ್ದ ಮದ್ಯವನ್ನು ಬಾಗಿಲಿನೊಳಗೆ ಬಾಗಿಸಿ, ತಲೆ ತಗ್ಗಿಸಿದಳು.

ದೋಣಿಗೆ ಹತ್ತಿದ ಮೇಲೆ ಅನ್ಸಿತೊ ಡೈವಿಂಗ್ ಕನ್ನಡಕವನ್ನೂ ತೆಗೆಯದೆ ಕೂತುಬಿಟ್ಟ. ತೆರುವೊ ಅವನ ಬೆನ್ನಿನಿಂದ ಸಿಲಿಂಡರು ಬಿಚ್ಚುತ್ತ ಮೆಲ್ಲಗೆ ಕೇಳಿದ.

“ಇದ್ದಾನಾ?”

“ಇದ್ದಾನೆ.”

ಮುದುಕ ಸಿಲಿಂಡರನ್ನು ದೋಣಿಯ ತಳದಲ್ಲಿ ಮಲಗಿಸಿದ. ಆಮೇಲೆ ಹೇಳಿದ, “ನೋಡು, ನನ್ನ ಮಾತು ಕೇಳು. ಈಯಮ್ಮ ನಾಡಿದ್ದು ವಿಮಾನ ಹತ್ತುತ್ತಾಳೆ. ಅವಳು ಯಾರಿಗೂ ಹೇಳಲ್ಲ. ನೀನೂ ಏನೂ ನೋಡಿಲ್ಲ. ಮದ್ದು ಅಂತ ಗೊತ್ತಾದರೆ ಪೊಲೀಸರು ಬರ್ತಾರೆ, ಕಿಮಿವೊನ ಮಗನ್ನ ಎಳ್ಕೊಂಡು ಹೋಗ್ತಾರೆ. ಸಿಲಿಂಡರ್ ಯಾರು ಕೊಟ್ಟರು ಅಂತ ಮೊದಲು ನಿನ್ನನ್ನೇ ಕೇಳ್ತಾರೆ. ಸತ್ತೋನು ಹೇಗೂ ಸತ್ತ ಕಣೋ.”

“ಅವಳು ದಿನಾ ದಡ ಹುಡುಕ್ತಾಳೆ, ತೆರುವೊ ಮಾಮ.”

“ಹುಡುಕಿ ಹುಡುಕಿ ಒಂದಿನ ಬಿಡ್ತಾಳೆ.”

ಹತ್ಸುಯೆಗೆ ಮಾತು ತಿಳಿಯದಿದ್ದರೂ ಧಾಟಿ ತಿಳಿದಿರಬೇಕು. ಒಳಗಿದ್ದವರು ಯಾರು ಎಂದು ಕೇಳಿದಳು. ನನ್ನ ಹೆಂಡತಿಯ ತಮ್ಮ ಎಂದ ಅನ್ಸಿತೊ. ಅವಳು ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತನ್ನ ಅಜ್ಜಿಯ ಕತೆ ಹೇಳಿದಳು. ಯುದ್ಧ ಮುಗಿದ ಮೇಲೆ ಸರ್ಕಾರದವರು ಒಂದು ಬಿಳಿ ಪೆಟ್ಟಿಗೆ ಕಳಿಸಿದರಂತೆ, ನಿಮ್ಮ ತಮ್ಮನ ಅಸ್ಥಿ ಎಂದು. ಅಲ್ಲಾಡಿಸಿದರೆ ಒಳಗೆ ಏನೋ ಉರುಳುತ್ತಿತ್ತು. ತೆಗೆದು ನೋಡಿದರೆ ಒಂದು ಕಲ್ಲು. ಕೊಡಲು ಏನೂ ಸಿಗದಿದ್ದಾಗ ಹಾಗೆ ಮಾಡುತ್ತಿದ್ದರಂತೆ.

“ನಮ್ಮಜ್ಜಿ ಸಾಯೋವರೆಗೂ ಆಗಾಗ ಅದನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಿದ್ದಳು,” ಎಂದಳು. “ಕಲ್ಲು ಅಂತ ಗೊತ್ತಿದ್ದೂ.”

ಎರಡನೇ ಸಲ ಇಳಿಯುವುದು ತನಗೆ ಬೇಡ, ವಾಪಸು ಹೋಗೋಣ ಎಂದಳು. ತಂದಿದ್ದ ಅನ್ನದ ಉಂಡೆಗಳನ್ನು ಯಾರೂ ಮುಟ್ಟಲಿಲ್ಲ.

ಅನ್ಸಿತೊ ಮನೆಗೆ ಬಂದಾಗ ಸಿನಾಕೊ ಅಡುಗೆ ಚಪ್ಪರದಲ್ಲಿ ಬೆಂದ ದಿವಿಹಲಸನ್ನು ಹಲಗೆಯ ಮೇಲೆ ಕಲ್ಲಿನಿಂದ ಜಜ್ಜುತ್ತಿದ್ದಳು. ಕಿಮಿವೊ ಮಾವ ಕಂಬಕ್ಕೆ ಒರಗಿ ಕೂತಿದ್ದ. ಮಾವ ಏಳಲಿ ಎಂದು ಕಾಯುವುದೋ ಬೇಡವೋ ಎಂದು ಅನ್ಸಿತೊ ಅಂಗಳದಲ್ಲೇ ನಿಂತು ಯೋಚಿಸಿದ. ಅವಳ ಮುಖ ನೋಡಿದೊಡನೆ ಕಾಯುವುದು ಆಗಲಿಲ್ಲ.

“ಮಿತಾರೊ ಸಿಕ್ಕಿದ. ಅಕ್ಕಿ ಹಡಗಿನೊಳಗೆ.”

ಕಲ್ಲು ಅವಳ ಕೈಯಲ್ಲೇ ನಿಂತಿತು. ಅವಳು ಅಳಲಿಲ್ಲ. ದಿವಿಹಲಸನ್ನೇ ನೋಡುತ್ತ ಕೇಳಿದಳು, “ಇವತ್ತು ಆ ಹಡಗಿಗೇ ಯಾಕೆ ಹೋದೆ?”

ಆ ಹೆಂಗಸು ಕೇಳಿದ್ದಕ್ಕೆ ಎಂದ. ಹಾಗಾದರೆ ಸರಕಿನ ಕೋಣೆಯೊಳಗೆ ಹೋದದ್ದು ಯಾಕೆ ಎಂದಳು. ಅವನಿಗೆ ಸುಳ್ಳು ಹೊಳೆಯಲಿಲ್ಲ. ಸಿಲಿಂಡರಿನ ವಿಷಯ ಹೇಳಿದ.

“ಯಾವಾಗಿಂದ ಗೊತ್ತಿತ್ತು?”

“ಮಾರನೇ ದಿನದಿಂದ ಅನುಮಾನ.”

ಅವಳು ಕಲ್ಲನ್ನು ಪಕ್ಕಕ್ಕಿಟ್ಟು, ಗಾಯದ ಕಾಲುಗಳನ್ನು ಲಂಗದೊಳಗೆ ಎಳೆದುಕೊಂಡಳು. ಗಂಡನ ಕಡೆ ಮತ್ತೆ ತಿರುಗಲಿಲ್ಲ.

ಕಿಮಿವೊ ಆಗ ಬಾಯಿಬಿಟ್ಟ. ಅವನ ದನಿ ಗಟ್ಟಿಯಾಗಿಯೇನೂ ಇರಲಿಲ್ಲ. ಕಡಲಲ್ಲಿ ಹೋದವನನ್ನು ಕಡಲಿಗೇ ಬಿಡಬೇಕು, ಬದುಕಿರುವವರನ್ನು ಜೈಲಿಗೆ ಕಳಿಸಿ ಸತ್ತವನಿಗೆ ಆಗಬೇಕಾದ್ದೇನೂ ಇಲ್ಲ, ಪಾದ್ರಿಗೆ ಹೇಳಿ ಪ್ರಾರ್ಥನೆ ಮಾಡಿಸೋಣ ಎಂದ. ನಮ್ಮಲ್ಲಿ ತಾಯಿಯ ಅಣ್ಣ ಹೇಳಿದ ಮೇಲೆ ಹೆಣ್ಣುಮಕ್ಕಳು ಎದುರಾಡುವುದಿಲ್ಲ. ಅವನ ಮುಂದೆ ನೆಟ್ಟಗೆ ನಿಲ್ಲುವುದೂ ಇಲ್ಲ. ಸಿನಾಕೊ ನಿಲ್ಲಲಿಲ್ಲ. ಕೂತಲ್ಲಿಂದಲೇ, ತಲೆ ತಗ್ಗಿಸಿಕೊಂಡೇ ಮಾತಾಡಿದಳು.

“ಮಾವ, ನೀವು ತಂದುಕೊಟ್ಟ ಮೀನನ್ನ ನಾನೇ ಹೆಚ್ಚಿದ್ದು. ಮುಳ್ಳೆಲ್ಲ ಪುಡಿಯಾಗಿರ್ತಿತ್ತು. ಬಾಂಬು ಹಾಕಿದ್ದು ಅಂತ ನನಗೆ ಗೊತ್ತಿತ್ತು. ಬೇಯಿಸಿ ಬಡಿಸಿದೆ, ನಾನೂ ತಿಂದೆ. ಈಗ ನನ್ನ ತಮ್ಮನ್ನ ತಂದುಕೊಡಿ. ಇಲ್ಲ ಅಂದರೆ ನಾನೇ ನಡ್ಕೊಂಡು ಪೊಲೀಸರ ಹತ್ರ ಹೋಗ್ತೀನಿ.”

ಕಿಮಿವೊ ಎದ್ದು ಅಂಗಳ ದಾಟಿ ಹೋದ.

ಮಾರನೇ ದಿನ ಅನ್ಸಿತೊ ಬೇರೆ ಬೇರೆ ಅಂಗಡಿಗಳ ನಾಲ್ಕು ಜನರನ್ನು ಸೇರಿಸಿಕೊಂಡು ಮತ್ತೆ ಇಳಿದ. ಕಟ್ಟಿಬಂದ ದಾರ ಹಾಗೇ ಇತ್ತು. ಮಿತಾರೊನನ್ನು ಕೊಬ್ಬರಿ ಗೋಣಿಗಳಲ್ಲಿ ಸುತ್ತಿ ಮೇಲಕ್ಕೆ ತಂದರು. ಮದ್ದಿನ ಚೀಲವನ್ನು ಅಲ್ಲೇ ಬಿಟ್ಟು ಬನ್ನಿ ಎಂದು ತೆರುವೊ ಹೇಳಿದ್ದ. ಅನ್ಸಿತೊ ಅದನ್ನೂ ತಂದು ಪೊಲೀಸರ ಮುಂದಿಟ್ಟ. ಕಿಮಿವೊನ ಮಗನನ್ನು ಕರೆದುಕೊಂಡು ಹೋಗಿ ಕೆಲವು ದಿನಗಳಲ್ಲಿ ಬಿಟ್ಟರು. ಸಿಲಿಂಡರು ಹೋದದ್ದನ್ನು ಮುಚ್ಚಿಟ್ಟಿದ್ದಕ್ಕೆ ಅಂಗಡಿಯ ಮಾಲೀಕ ಅನ್ಸಿತೊನನ್ನು ಕೆಲಸದಿಂದ ತೆಗೆದ. ಹತ್ಸುಯೆ ವಿಮಾನವನ್ನು ಮುಂದಕ್ಕೆ ಹಾಕಿಸಿಕೊಂಡು ಮಣ್ಣಿಗೆ ಬಂದಿದ್ದಳು. ಹೆಂಗಸರ ಸಾಲಿನ ಕೊನೆಯಲ್ಲಿ ಚಾಪೆಯ ಮೇಲೆ ಕೂತು, ಅವರು ಅತ್ತಾಗ ತಾನೂ ಅತ್ತಳು. ಅವಳು ಅಳುತ್ತಿದ್ದದ್ದು ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ.

ಸಿನಾಕೊ ಗಂಡನ ಜೊತೆ ಮಾತು ಬಿಟ್ಟಳು. ಊಟ ಬಡಿಸಿಟ್ಟು ಹೋಗುತ್ತಿದ್ದಳು. ಅವನು ಬಲೆ ತೆಗೆದುಕೊಂಡು ಒಬ್ಬನೇ ಮೀನಿಗೆ ಹೋಗುತ್ತಿದ್ದ, ಅಲ್ಪಸ್ವಲ್ಪ ತರುತ್ತಿದ್ದ. ಕಿಮಿವೊ ಅವರ ಅಂಗಳ ತುಳಿಯಲಿಲ್ಲ. ನಿನ್ನ ಗಂಡ ಅವನ ತಾಯಿಯ ಊರಿಗೆ ಹೋಗುವುದು ಒಳ್ಳೆಯದು ಎಂದು ಬೇರೆಯವರ ಬಾಯಲ್ಲಿ ಹೇಳಿ ಕಳಿಸಿದ. ಆ ರಾತ್ರಿಯೂ ಸಿನಾಕೊ ಗಂಡನಿಗೆ ಊಟ ಬಡಿಸಿಟ್ಟಳು.

ಈಸ್ಟರ್ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ತಾನಾಗಿ ಬಂದು ದೋಣಿಯಲ್ಲಿ ಕೂತಳು. ಆ ಜಾಗ ತೋರಿಸು ಎಂದಷ್ಟೇ ಹೇಳಿದಳು. ಅನ್ಸಿತೊ ಕರೆದುಕೊಂಡು ಹೋದ. ಕಡಲು ಕದಡದೆ ನಿಂತಿತ್ತು. ಅವಳು ಅವನ ಕನ್ನಡಕ ಹಾಕಿಕೊಂಡು ನೀರಿಗಿಳಿದು, ದೋಣಿಯ ಅಂಚು ಹಿಡಿದು ಮುಖ ಮುಳುಗಿಸಿದಳು. ಕೆಳಗೆ ಪಟಕಂಬವೂ ಅದರಡಿಯ ಕಪ್ಪು ಆಕಾರವೂ ಕಾಣುತ್ತಿದ್ದವು. ಉಸಿರಿಗಾಗಿ ಮೇಲೆದ್ದಳು, ಮತ್ತೆ ಮುಳುಗಿಸಿದಳು. ಕೊನೆಗೆ ದೋಣಿಗೆ ಹತ್ತಿ, ಕನ್ನಡಕ ತೆಗೆದು ದಡದ ಕಡೆ ನೋಡಿದಳು. ಅವರ ತಗಡಿನ ಮಾಡು, ಅಡುಗೆ ಚಪ್ಪರದ ಹೊಗೆ, ಹಗ್ಗದ ಮೇಲೆ ಒಣಹಾಕಿದ ಬಟ್ಟೆ, ಎಲ್ಲ ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು.

“ಇಷ್ಟು ಹತ್ತಿರ ಇದ್ದ,” ಎಂದಳು.

ಅವಳು ಅವನಿಗೆ ಬೆನ್ನು ಹಾಕಿ ಮುಂದಿನ ಹಲಗೆಯ ಮೇಲೆ ಕೂತು ಕೂದಲು ಹಿಂಡಿಕೊಂಡಳು. ಅವನು ದೋಣಿಯನ್ನು ಮನೆಯ ಕಡೆ ತಿರುಗಿಸಿದ.