ಹುಬ್ಬಿನ ಮೇಲಿನ ಗಂಟು

ಸಿಟಿ ಬಸ್ಸಿನ ಕಂಡಕ್ಟರಮ್ಮ ಐಸಿಯುವಿನ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದಳು, ಏಳುತ್ತಿದ್ದಳು, ಗಾಜಿನ ಬಾಗಿಲಿಗೆ ಹಣೆಯೊತ್ತಿ ಒಳಗೆ ಇಣುಕುತ್ತಿದ್ದಳು. ಬಾಯಾರಿಕೆ ಇಲ್ಲದಿದ್ದರೂ ಹೋಗಿ ಒಂದು ಲೋಟ ನೀರು ಕುಡಿದು ಬರುತ್ತಿದ್ದಳು.

"ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನೆ, ಒಂದು ಕಡೆ ಕೂತ್ಕೋಬಾರ್ದಾ?" ಎಂದು ಅತ್ತೆ ಗೊಣಗಿದರೂ ಅವರ ಕಣ್ಣು ಅದೇ ಬಾಗಿಲ ಮೇಲಿತ್ತು.

ಒಳಗೆ ಮಲಗಿದ್ದವನು ಒಬ್ಬಳಿಗೆ ಗಂಡ, ಇನ್ನೊಬ್ಬರಿಗೆ ಉಳಿದಿದ್ದ ಒಬ್ಬನೇ ಮಗ. ಲೇತ್ ಕೆಲಸದವನು. ವರ್ಕ್‌ಶಾಪಿನಲ್ಲಿ ಭಾರ ಎತ್ತುವ ಚೈನು ಕಳಚಿ ಕಬ್ಬಿಣದ ತೊಲೆ ಎದೆಯ ಮೇಲೆ ಬಿದ್ದು ಪಕ್ಕೆಲುಬುಗಳು ಮುರಿದಿದ್ದವು. ಬಾಯಲ್ಲಿ ಕೊಳವೆ, ಉಸಿರಿಗೆ ಯಂತ್ರ. ಮಂಚದ ಪಕ್ಕದ ಪಂಪು ಸಿರಿಂಜನ್ನು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಒತ್ತುತ್ತ ನೋವಿನ ಔಷಧಿಯನ್ನು ರಕ್ತನಾಳಕ್ಕೆ ಇಳಿಸುತ್ತಿತ್ತು.

ಅದು ಅಫೀಮಿನ ಜಾತಿಯದು ಎಂದು ಯಾರೋ ಅತ್ತೆಯ ಕಿವಿಗೆ ಹಾಕಿದ್ದರು. ಹಿರಿಮಗನನ್ನು ಕುಡಿತಕ್ಕೆ ಕಳೆದುಕೊಂಡ ಜೀವ ಅದು. ಡಾಕ್ಟರು ಹೊರಗೆ ಬಂದದ್ದೇ ತಡ, ಅತ್ತೆ ದಾರಿಗೆ ಅಡ್ಡ ನಿಂತರು.

"ಆ ಮತ್ತಿನ ಔಷಧಿ ನಿಲ್ಲಿಸಿಬಿಡಿ ಡಾಕ್ಟ್ರೇ. ಇವನಿಗೂ ಚಟ ಹತ್ತಿದ್ರೆ ನಾನು ಯಾರ ಮುಖ ನೋಡ್ಲಿ?"

"ಒಂದೇ ಏಟಿಗೆ ನಿಲ್ಲಿಸೋ ಹಾಗಿಲ್ಲಮ್ಮ. ದಿನಾ ಬೆಳಿಗ್ಗೆ ನಿದ್ದೆ ಔಷಧಿ ನಿಲ್ಲಿಸಿ, ನೋವಿಂದು ಸ್ವಲ್ಪ ಇಳಿಸಿ, ಎಚ್ಚರ ಆಗ್ತಾರಾ ನೋಡ್ತೀವಿ. ಇವತ್ತು ನೀವೂ ಬನ್ನಿ."

ಇಬ್ಬರೂ ಕೈ ತೊಳೆದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವನ ರೆಪ್ಪೆ ಅಲುಗಿತು, ಕಣ್ಣು ಅರೆ ತೆರೆಯಿತು.

"ನೋಡೇ, ನನ್ನ ಗುರುತು ಹಿಡಿದ," ಎಂದ ಅತ್ತೆಯ ಮುಖ ಅರಳಿತು.

ಕಂಡಕ್ಟರಮ್ಮನಿಗೆ ಕಂಡದ್ದೇ ಬೇರೆ. ಗಂಡನ ಹುಬ್ಬು ಗಂಟಿಕ್ಕುತ್ತಿತ್ತು. ಮುಷ್ಟಿ ಬಿಗಿಯಿತು. ಕೊಳವೆಗೆ ಕೆಮ್ಮು ಒತ್ತರಿಸಿ ಬಂದು ಯಂತ್ರ ಕೂಗತೊಡಗಿತು.

"ಮೆಷಿನ್ ಜೊತೆ ಜಗಳ ಆಡ್ತಿದ್ದಾರೆ," ಎಂದಳು ನರ್ಸ್. "ಬಾಯಿ ಬಿಟ್ಟು ಹೇಳೋಕಾಗ್ದೇ ಇರೋರ ನೋವು ಹೀಗೇ ಗೊತ್ತಾಗೋದು. ಮುಖ ನೋಡ್ಬೇಕು, ಕೈ ನೋಡ್ಬೇಕು."

ಕಂಡಕ್ಟರಮ್ಮ ಬಗ್ಗಿದಳು. "ರೀ, ನೋವಾಗ್ತಿದ್ರೆ ನನ್ನ ಕೈ ಹಿಸುಕಿ."

ಅವನು ಬಳೆ ನೆಗ್ಗುವಂತೆ ಹಿಸುಕಿದ. ಕಣ್ಣಂಚಿನಿಂದ ನೀರು ಕಿವಿಯತ್ತ ಇಳಿಯಿತು.

"ಸಿಸ್ಟರ್, ಕೊಟ್ಬಿಡಿ."

"ಚಟ..." ಎಂದರು ಅತ್ತೆ.

"ಹತ್ತಿದ್ರೆ ನಾನು ಬಿಡಿಸ್ತೀನಿ ಅತ್ತೆ. ಮೊದಲು ಉಸಿರಾಡ್ಲಿ." ಮದುವೆಯಾದಾಗಿನಿಂದ ಅವಳು ಎದುರು ಮಾತಾಡಿದ್ದು ಅದೇ ಮೊದಲು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದರು.

ಔಷಧಿ ಏರಿದ ಮೇಲೆ ಹುಬ್ಬು ಸಡಿಲವಾಯಿತು. ಆದರೆ ಅವಳು ಹಿಡಿದ ಕೈ ಬಿಡಲಿಲ್ಲ. ತುಂಬಾ ಆಳಕ್ಕೆ ಜಾರಿಬಿಟ್ಟರೆ, ಮತ್ತೆ ಏಳದಿದ್ದರೆ? ಹೊರಗೆ ಹೋಗಿ ಎಂದು ನರ್ಸ್ ಹೇಳುವವರೆಗೂ ಏರಿಳಿಯುವ ಹೊದಿಕೆಯನ್ನೇ ನೋಡುತ್ತ ನಿಂತಳು.

ಒಂದು ವಾರದೊಳಗೆ ಕೊಳವೆ ತೆಗೆದರು. ಪಂಪಿನ ಔಷಧಿಯನ್ನು ದಿನದಿನಕ್ಕೆ ಇಳಿಸುತ್ತ ಬಂದಾಗ ಅವನು ಬೆವೆತ, ಆಕಳಿಸಿದ, ಹಾಸಿಗೆಯಲ್ಲಿ ನೆಟ್ಟಗೆ ಮಲಗದೆ ಹೊರಳಾಡಿದ. ಚಾವಣಿಯ ಮೇಲೆ ಇರುವೆ ಸಾಲು ಹೋಗುತ್ತಿದೆ ಎಂದ.

"ನಾನು ಹೇಳ್ಲಿಲ್ವಾ?" ಎಂದರು ಅತ್ತೆ, ಅಳುವ ದನಿಯಲ್ಲಿ.

"ಇದು ಚಟ ಅಲ್ಲಮ್ಮ. ಮೈಗೆ ರೂಢಿಯಾಗಿತ್ತು, ಬಿಡೋವಾಗ ಹಟ ಮಾಡುತ್ತೆ. ಅದಕ್ಕೇ ನಿಧಾನಕ್ಕೆ ಇಳಿಸ್ತಿರೋದು," ಎಂದಳು ನರ್ಸ್.

ಅತ್ತೆ ಬಟ್ಟೆ ಒದ್ದೆ ಮಾಡಿ ಮಗನ ಕತ್ತು ಒರೆಸಿದರು. ಹಾಗೇ ಕೂತು ಅಲ್ಲಿಲ್ಲದ ಇರುವೆಗಳನ್ನೂ ಗದರಿಸಿ ಓಡಿಸಿದರು. ಅವನು ಮೊದಲ ಸಲ ನಕ್ಕದ್ದು ಆಗಲೇ. ನಕ್ಕು ಪಕ್ಕೆ ಹಿಡಿದುಕೊಂಡು ನರಳಿದ.

ವಾರ್ಡಿಗೆ ಬಂದ ಮೇಲೆ, ಎದೆಯ ಕಫ ಹೊರಬರಲಿ ಎಂದು ಅವನನ್ನು ಕೆಮ್ಮಿಸಲು ಫಿಸಿಯೋದವಳು ಬಂದಳು. ಅವಳು ಮಂಚದ ಹತ್ತಿರ ಬರುವಷ್ಟರಲ್ಲೇ ಅತ್ತೆ ಎದ್ದು ನಿಂತರು.

"ಸ್ವಲ್ಪ ತಡಿಯಮ್ಮ. ಇವನಿಗೆ ನೋವಿನ ಮಾತ್ರೆ ಕೊಟ್ಟಿದ್ದೀರಾ, ಇಲ್ವಾ?"

ಕಂಡಕ್ಟರಮ್ಮ ಆಗಲೇ ಕೊಟ್ಟಾಗಿದೆ ಎಂದು ತಲೆಯಾಡಿಸಿದಳು. ಪಕ್ಕೆಗೆ ಆಸರೆಯಾಗಲೆಂದು ದಿಂಬನ್ನು ಗಂಡನ ಎದೆಗೆ ಒತ್ತಿ ಹಿಡಿದು, "ಹೂಂ, ಈಗ ಕೆಮ್ಮಿ," ಎಂದಳು.