ಕೊನೆಯ ಎಂಟು ಪುಟ

“ವಾಚಕ ಮಹಾಶಯರೇ, ತಮ್ಮ ಅಮೂಲ್ಯ ಸಮಯವನ್ನು ಅಪಹರಿಸುತ್ತಿರುವುದಕ್ಕೆ ಕ್ಷಮೆ ಕೋರುತ್ತ, ಅತ್ಯಂತ ವಿಷಾದದಿಂದ ನಿವೇದಿಸಿಕೊಳ್ಳುವುದೇನೆಂದರೆ, ಎಂಟು ವರ್ಷ ನಮ್ಮನ್ನು ಕೈಹಿಡಿದು ನಡೆಸಿದ ‘ಏಳನೇ ಪಾಳಿ’ಯು ತನ್ನ ನಲವತ್ತೆಂಟನೆಯ ಹಾಗೂ ಕಡೆಯ ಸಂಚಿಕೆಯಲ್ಲಿ ನಮ್ಮನ್ನು ನಡುರಸ್ತೆಯಲ್ಲಿ ಬಿಟ್ಟು ಓಡಿಹೋಗಿದೆ.”

ಅಷ್ಟನ್ನು ಗಟ್ಟಿಯಾಗಿ ಓದಿ ಚಿತ್ರಗಾರ್ತಿ ವಾರಪತ್ರಿಕೆಯನ್ನು ಮೇಜಿನ ಮೇಲಿಟ್ಟಳು. ಐವತ್ತು ದಾಟಿದ ಹೆಂಗಸು. ಬೆರಳ ಸಂದಿಗಳಲ್ಲಿ ಕಪ್ಪು ಶಾಯಿ ಕಾಯಮ್ಮಾಗಿ ಮನೆಮಾಡಿತ್ತು. ‘ಏಳನೇ ಪಾಳಿ’ ಎಂಬ ಕಾಮಿಕ್‌ನ ಕಥೆಯೂ ಆಕೆಯದೇ, ಚಿತ್ರವೂ ಆಕೆಯದೇ. ಊರಿನ ಇನ್ನೊಂದು ತುದಿಯಿಂದ ಎರಡು ಬಸ್ಸು ಬದಲಾಯಿಸಿ, ಹಾಜರಿ ಹಾಕುವವಳಂತೆ ಸೋಮವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೇ ಬಂದು ನಿಂತಿದ್ದಳು.

“ಇದನ್ನ ಬರೆದ ದಾರಿಹೋಕ ಅಂದ್ರೆ ನೀವೇ ತಾನೆ?”

“ನಾನೇ,” ಎಂದ ಅವನು. ಅಂಕಣದ ಹೆಸರೇ ಈಗ ಅವನ ಹೆಸರಾಗಿತ್ತು. ಇಪ್ಪತ್ತು ವರ್ಷ ಊರೂರು ಸುತ್ತಿ, ಬಸ್ ನಿಲ್ದಾಣಗಳಲ್ಲಿ ಅಗ್ಗದ ಕಾದಂಬರಿಗಳನ್ನು ಮಾರಿ, ಮಾರಾಟವಾಗದೆ ಉಳಿದವನ್ನೆಲ್ಲ ತಾನೇ ಓದಿ ಅಕ್ಷರ ಕೂಡಿಸಿಕೊಂಡವನು. ಅಕ್ಕನನ್ನು ನೋಡಿಹೋಗಲೆಂದು ಎರಡು ದಿನದ ಮಟ್ಟಿಗೆ ಬಂದಿದ್ದ; ಭಾವನ ವಾರಪತ್ರಿಕೆಗೆ ಒಂದು ಲೇಖನ ಬರೆದುಕೊಟ್ಟಿದ್ದ; ಆ ಎರಡು ದಿನ ಹನ್ನೊಂದು ವರ್ಷಗಳಾಗಿದ್ದವು. ಕಚೇರಿಯ ಮೇಲಿನ ಕೋಣೆಯಲ್ಲಿ ಅವನ ತಗಡಿನ ಪೆಟ್ಟಿಗೆ ಮಂಚದ ಕೆಳಗೆ ಇನ್ನೂ ಹೊರಡುವ ಭಂಗಿಯಲ್ಲೇ ಕೂತಿತ್ತು.

“‘ಒಂದು ಲೋಟ ಚಹಾ ಸಾವನ್ನು ಗೆಲ್ಲುವುದಾದರೆ ನಮ್ಮ ಬೀದಿಯಲ್ಲಿ ಯಾರೂ ಸಾಯಬೇಕಿರಲಿಲ್ಲ’ ಅಂತ ಬರ್ದಿದ್ದೀರಿ. ಚೆನ್ನಾಗಿದೆ, ನನಗೂ ನಗು ಬಂತು. ಆದ್ರೆ ಸತ್ತ ನಾಯಕಿ ಎಲ್ಲಿ ಎದ್ದು ಬರ್ತಾಳೆ? ನಾನು ಬರೆದ ಕಥೆ, ನನಗೇ ಗೊತ್ತಿಲ್ಲ. ತೋರಿಸ್ಬಿಡಿ, ಹೋಗ್ತೀನಿ.”

ಒಳಗಿನ ಮೇಜಿನಲ್ಲಿ ಕರಡು ತಿದ್ದುತ್ತಿದ್ದ ಅಕ್ಕ ತಲೆಯೆತ್ತದೆ ಹೇಳಿದಳು. “ತೋರಿಸೋ. ಅಷ್ಟುದ್ದ ಬರೆದಿದ್ದೀಯಲ್ಲ.”

ಅವನು ಮೆಟ್ಟಿಲು ಹತ್ತಿಹೋಗಿ ಪ್ರತಿಯನ್ನು ತಂದ. ಸಂಚಿಕೆ ಅಂಗಡಿಗೆ ಬರುವುದಕ್ಕೆ ಇನ್ನೂ ಒಂದು ವಾರವಿತ್ತು. ಇದು ವಿಮರ್ಶೆಗೆಂದು ಮುಂಚಿತವಾಗಿ ಕಚೇರಿಗೆ ತಲುಪಿದ ಒಂದೇ ಪ್ರತಿ. ಅವನು ಅದನ್ನು ಮೂರು ಸಲ ಓದಿದ್ದ. ಹಳೆಯ ಬಾಹ್ಯಾಕಾಶ ನಿಲ್ದಾಣವೊಂದರಲ್ಲಿ, ಯಾರಿಗೂ ಬೇಡದ ಪಾಳಿಯಲ್ಲಿ ದುಡಿಯುವ ಏಳು ಮಂದಿ ಅತಿಮಾನುಷರ ಕಥೆ. ನಾಯಕಿ ಕಿಡಿ ನಕ್ಷತ್ರದ ಕಾವನ್ನು ಮೈಯೊಳಗೆ ತುಂಬಿಕೊಳ್ಳಬಲ್ಲಳು. ಗಡಿಯಾರ ಎಂಬವನು ಕಾಲವನ್ನು ನಿಲ್ಲಿಸಬಲ್ಲ, ಮೂರೇ ಮೂರು ಕ್ಷಣ. ಉಳಿದ ಐವರಿಗೂ ಒಂದೊಂದು ಬಲ, ಒಂದೊಂದು ಊನ. ಅವರಲ್ಲಿ ಯಾರು ಯಾವ ಕಡೆ ಹೊರಳಿ ಮಲಗುತ್ತಾರೆ ಎನ್ನುವುದೂ ಅವನಿಗೆ ಗೊತ್ತಿತ್ತು.

“ಇಲ್ಲಿ ನೋಡಿ,” ಎಂದು ಪುಟ ತಿರುವಿದ. “ಕಿಡಿ ಯಂತ್ರದೊಳಗೆ ಇಳಿದು ಸುಟ್ಟುಹೋಗ್ತಾಳೆ. ಆರು ಜನ ಊಟದ ಕೋಣೆಗೆ ವಾಪಸು ಬರ್ತಾರೆ. ಮೇಜಿನ ಮೇಲೆ ಏಳು ಲೋಟ. ಆರು ಖಾಲಿ, ಅವಳದ್ದರಲ್ಲಿ ಮಾತ್ರ ಹಬೆ. ಇಲ್ಲೇ ಮುಗಿದಿದ್ರೆ ನಾನು ನಿಮ್ಮ ಕಾಲಿಗೆ ಬೀಳ್ತಿದ್ದೆ. ಪುಟ ತಿರುಗಿಸಿದ್ರೆ, ಇಗೋ, ಅವಳೇ ಕೂತು ಎಲ್ಲರಿಗೂ ಚಹಾ ಬಗ್ಗಿಸ್ತಿದ್ದಾಳೆ. ಹೇಗೆ ಬಂದ್ಲು? ಯಾಕೆ ಬಂದ್ಲು? ಒಂದು ಮಾತಿಲ್ಲ.”

ಚಿತ್ರಗಾರ್ತಿ ಪ್ರತಿಯನ್ನು ಕೈಗೆ ತೆಗೆದುಕೊಂಡಳು. ಹಿಂದಕ್ಕೆ ನಾಲ್ಕು ಪುಟ, ಮುಂದಕ್ಕೆ ನಾಲ್ಕು ಪುಟ. ಜಗಳಕ್ಕೆಂದು ಸಜ್ಜಾಗಿದ್ದ ಭುಜಗಳು ಇಳಿದವು. ತನ್ನ ಎರಡೂ ಹೆಬ್ಬೆರಳುಗಳನ್ನು ಯಾರದೋ ಎಂಬಂತೆ ನೋಡಿಕೊಂಡು, “ಕತ್ತರಿ ಇದೆಯಾ?” ಎಂದಳು.

ಅಕ್ಕ ಕತ್ತರಿ ಕೊಟ್ಟಳು. ಅದರ ಮೊನೆಯಿಂದ ಆಕೆ ಪಕ್ಕದ ಪಿನ್ನುಗಳನ್ನು ಒಂದೊಂದಾಗಿ ಎಬ್ಬಿಸಿದಳು. ಕೊನೆಯ ಹಾಳೆಯನ್ನು ಬೇರ್ಪಡಿಸಿ ಮೇಜಿನ ಮೇಲೆ ಪೂರ್ತಿ ಬಿಚ್ಚಿ ಹರಡಿದಳು. ಒಂದೇ ಅಗಲವಾದ ಕಾಗದ. ಈ ಬದಿ ನಾಲ್ಕು ಪುಟ, ಆ ಬದಿ ನಾಲ್ಕು ಪುಟ, ಅರ್ಧ ನೆಟ್ಟಗೆ, ಅರ್ಧ ತಲೆಕೆಳಗು. ಚಿತ್ರಗಳು ಅಂಚಿನವರೆಗೂ ಹರಡಿದ್ದರಿಂದ ಪುಟಸಂಖ್ಯೆ ಹಾಕಲು ಎಲ್ಲಿಯೂ ಜಾಗವಿರಲಿಲ್ಲ.

“ಅಚ್ಚುಕೂಟದಲ್ಲಿ ಮಡಿಸೋ ಯಂತ್ರ ಬಿಡುವಾಗೋಕೆ ಇನ್ನೂ ಹತ್ತು ದಿನ ಅಂದ್ರು. ನಿಮಗೆ ಎಲ್ಲರಿಗಿಂತ ಮೊದಲು ಓದಿಸ್ಬೇಕು ಅಂತ ಆಸೆ. ಹಾಳೆಗಳನ್ನ ಮನೆಗೆ ತಂದು ನಾನೇ ಮಡಿಸ್ದೆ.” ಆಕೆ ಕಾಗದವನ್ನು ಅಡ್ಡಕ್ಕೆ ಒಮ್ಮೆ ಮಡಿಸಿದಳು. “ಇದು ಸರಿಯಾಗಿತ್ತು.” ಉದ್ದಕ್ಕೆ ಇನ್ನೊಮ್ಮೆ ಮಡಿಸಿ, ಅಂಚಿನ ಮೇಲೆ ಉಗುರನ್ನು ಬಲವಾಗಿ ಎಳೆದಳು. “ಇದನ್ನ ಒಳಕ್ಕೆ ಮಡಿಸೋ ಬದಲು ಹಿಂದಕ್ಕೆ ಮಡಿಸಿದ್ದೀನಿ. ಕೊನೇ ನಾಲ್ಕು ಪುಟ ಮೊದಲು ಬಂದಿದೆ. ಈಗ ಓದಿ.”

ಅವನು ನಿಂತೇ ಓದಿದ. ಈಗ ಚಹಾ ಮೊದಲು ಬಂತು. ಹೊರಡುವ ಮುನ್ನ ಕಿಡಿ ಏಳು ತಗಡಿನ ಲೋಟಗಳಿಗೆ ಚಹಾ ಬಗ್ಗಿಸುತ್ತಾಳೆ. ಅವಳ ಕೈ ನಡುಗುತ್ತದೆ. ಆ ನಡುಕ ಉಳಿದವರಿಗೆ ಕಾಣದಿರಲೆಂದು ಗಡಿಯಾರ ಮೂರು ಕ್ಷಣ ಕಾಲವನ್ನು ಹಿಡಿದಿಡುತ್ತಾನೆ. ಆಮೇಲೆ ಯಂತ್ರ, ಬೆಳಕು, ಆರು ಜನರ ಹಿಂತಿರುಗುವ ನಡಿಗೆ. ಕೊನೆಯ ಚೌಕಟ್ಟಿನಲ್ಲಿ ಅವಳ ಲೋಟದ ಹಬೆ ಅಲುಗಾಡದೆ ಗಾಳಿಯಲ್ಲಿ ನಿಂತಿತ್ತು. ಪಕ್ಕದಲ್ಲಿ ಗಡಿಯಾರನ ಎತ್ತಿದ ಕೈ. ಆ ಕೈಯನ್ನು ಅವನು ಮೂರು ಸಲದ ಓದಿನಲ್ಲೂ ಗಮನಿಸಿರಲಿಲ್ಲ.

ಅವನು ಕುರ್ಚಿಯನ್ನು ಹಿಂದಕ್ಕೆಳೆದುಕೊಂಡು ಕುಳಿತ. ಹೊರಗೆ ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಎಬ್ಬಿಸುತ್ತಿದ್ದರು.

“ತಪ್ಪು ನನ್ನದೇ. ನಿಮ್ಮ ಜೊತೆ ಜಗಳ ಆಡೋಕೆ ಇನ್ನೇನೂ ಉಳಿಲಿಲ್ಲ,” ಎಂದಳು ಚಿತ್ರಗಾರ್ತಿ. “ಆದ್ರೆ ನಲವತ್ತೆಂಟನ್ನೂ ಸೇರಿಸಿ ಒಂದೇ ಪುಸ್ತಕ ಮಾಡ್ತೀನಿ ಅಂದಿದ್ದ ಪ್ರಕಾಶಕರು ನಿಮ್ಮ ಲೇಖನ ನೋಡಿ ಬೇಡ ಅಂತಿದ್ದಾರೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅವರೂರಲ್ಲಿ ಸಭೆ. ಅಲ್ಲಿ ಇಲ್ಲ ಅಂದ್ರೆ ಇಲ್ಲ. ಬಿಡಿ ಸಂಚಿಕೆ ಒಂದು ತಿಂಗಳು ಅಂಗಡೀಲಿ ಇರುತ್ತೆ, ಆಮೇಲೆ ರದ್ದಿಗೆ.”

“ಅವರು ಈ ಹಾಳೆಗಳನ್ನ ಓದಿಲ್ವಾ?”

“ನಾನು ಕಾಮಿಕ್ ಓದಲ್ಲಮ್ಮ, ವಿಮರ್ಶೆ ಓದ್ತೀನಿ ಅಂದ್ರು. ಬರೆದವಳು ತನ್ನದನ್ನ ಹೊಗಳದೆ ಇನ್ನೇನು ಮಾಡ್ತಾಳೆ ಅಂತ ಬೇರೆ ಅಂದ್ರು.”

ಅಷ್ಟರಲ್ಲಿ ಭಾವ ಕೊಡೆಯನ್ನು ಮೂಲೆಗೆ ಒರಗಿಸುತ್ತ ಒಳಗೆ ಬಂದರು. ಪತ್ರಿಕೆಯ ಸಂಪಾದಕರೂ ಮಾಲೀಕರೂ ಅವರೇ. ಅಕ್ಕ ಎರಡೇ ಮಾತಿನಲ್ಲಿ ವಿಷಯ ತಿಳಿಸಿದಳು. ಅವರು ಬಿಚ್ಚಿದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಹೊಟ್ಟೆ ಕುಲುಕಿಸಿಕೊಂಡು ನಕ್ಕರು.

“ಇಷ್ಟೇ ತಾನೆ! ‘ನಮಗೆ ಬಂದ ಪ್ರತಿ ದೋಷಪೂರಿತವಾಗಿತ್ತು’ ಅಂತ ಮೂಲೆಯಲ್ಲಿ ನಾಲ್ಕು ಸಾಲು ಹಾಕ್ತೀನಿ. ನಿನಗೂ ಕಳಂಕ ಇಲ್ಲ, ಪತ್ರಿಕೆಗೂ ಇಲ್ಲ.”

“ಮೂಲೆಯಲ್ಲಿ ಬೇಡ ಭಾವ. ಪೂರ್ತಿ ಅಂಕಣ ಬೇಕು. ಹೋದ ವಾರದಷ್ಟೇ ಜಾಗ, ಅಷ್ಟೇ ದಪ್ಪ ಅಕ್ಷರ.”

“ತಲೆ ನೆಟ್ಟಗಿದೆಯೇನಯ್ಯ? ಪುಟದ ಹಿಂದುಮುಂದು ತಿಳೀದವನು ವಿಮರ್ಶೆ ಬರೀತಾನಂತೆ ಅಂತ ಊರೆಲ್ಲ ಆಡ್ಕೊಂಡು ನಗುತ್ತೆ.”

“ನಗಲಿ.”

“ನಕ್ಕ ಮೇಲೆ ನಿನ್ನ ಅಂಕಣ ಯಾರು ಓದ್ತಾರೆ?”

“ನಗೋಕಾದ್ರೂ ಓದ್ತಾರೆ ಬಿಡಿ,” ಎಂದಳು ಅಕ್ಕ. “ನಿಮ್ಮ ಸಂಪಾದಕೀಯಕ್ಕೆ ಆ ಯೋಗವೂ ಇಲ್ಲ.”

ಭಾವ ಹೆಂಡತಿಯ ಕಡೆ ಒಮ್ಮೆ, ಭಾವಮೈದುನನ ಕಡೆ ಒಮ್ಮೆ ದುರುಗುಟ್ಟಿ ನೋಡಿದರು. “ನೋಡಯ್ಯ, ಪ್ರತಿ ಕೆಟ್ಟದ್ದು, ನೀನು ಓದಿದೆ. ನಿನ್ನ ತಪ್ಪು ಏನಿದೆ ಇದರಲ್ಲಿ?”

ಆ ಪ್ರಶ್ನೆಯ ಮರೆಯಲ್ಲಿ ನಿಂತುಬಿಡುವುದು ಎಷ್ಟು ಸುಲಭ ಎಂಬುದು ಅವನಿಗೂ ಹೊಳೆದಿತ್ತು. ಕುರ್ಚಿಯಲ್ಲಿ ಕೂತ ಆ ಸ್ವಲ್ಪ ಹೊತ್ತು ಅವನು ಆ ಮರೆಯಲ್ಲೇ ನಿಂತಿದ್ದ ಕೂಡ.

“ನಲವತ್ತೇಳು ಸಂಚಿಕೆ ಓದಿದ್ದೀನಿ ಭಾವ. ಎಂಟು ವರ್ಷದಲ್ಲಿ ಇವರು ಒಂದು ಸಲವೂ ಮೋಸ ಮಾಡಿಲ್ಲ. ಸತ್ತವರು ಸತ್ತೇ ಇದ್ದಾರೆ, ಕೈ ಮುರ್ಕೊಂಡವನ ಕೈ ಹತ್ತು ಸಂಚಿಕೆ ಕಟ್ಟು ಹಾಕಿಯೇ ಇತ್ತು. ಅಂಥವರು ಕೊನೇಲಿ ಅಡ್ಡದಾರಿ ಹಿಡಿದ್ರು ಅಂದ್ರೆ ನಾನು ಯಾವುದರ ಮೇಲೆ ಅನುಮಾನ ಪಡಬೇಕಿತ್ತು? ಕೈಯಲ್ಲಿರೋ ಕಾಗದದ ಮೇಲೆ. ನಾನು ಇವರ ಮೇಲೆ ಪಟ್ಟೆ. ಒಳ್ಳೆ ಚುಚ್ಚುಮಾತು ಹೊಳೀತಲ್ಲ, ಅದರ ಖುಷೀಲಿ ಮುಂದೆ ಏನೂ ಕಾಣಲಿಲ್ಲ.”

“ನಾನೇ ಮಡಿಸಿದ್ದು ಅಂತಾನೂ ಬರೀರಿ,” ಎಂದಳು ಚಿತ್ರಗಾರ್ತಿ.

“ಬರೀತೀನಿ. ಕೊನೆಯಿಂದ ಮೂರನೇ ಪುಟದ ಬಗ್ಗೆಯೂ ಬರೀತೀನಿ. ಯಂತ್ರದ ಒಳಗೆ ಇಳಿಯೋದು ಅವಸರವಾಗಿದೆ. ಎರಡು ಚೌಕಟ್ಟು ಸಾಲದು, ಕನಿಷ್ಠ ಐದು ಬೇಕಿತ್ತು.”

ಭಾವ ಹಣೆ ಚಚ್ಚಿಕೊಂಡರು. ಚಿತ್ರಗಾರ್ತಿ ಮಾತ್ರ ಬೆಳಿಗ್ಗೆಯಿಂದ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

“ಆ ವಾರ ಮಣಿಕಟ್ಟು ಊದ್ಕೊಂಡಿತ್ತು. ಐದು ಬರೀಬೇಕು ಅಂತಾನೇ ಇದ್ದೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ.” ಮಣಿಕಟ್ಟನ್ನು ಒಮ್ಮೆ ತಿಕ್ಕಿಕೊಂಡು, “ಅದನ್ನೂ ಹಾಕಿ. ಬರೀ ಹೊಗಳಿದ್ರೆ ನಾನು ಬಂದು ಅತ್ತೆ ಅಂದ್ಕೊಳ್ತಾರೆ,” ಎಂದಳು.

ಅವನು ಅಲ್ಲಿಯೇ, ಆಕೆಯ ಎದುರಿಗೇ ಬರೆಯತೊಡಗಿದ. ಸಾಮಾನ್ಯವಾಗಿ ಅವನ ಲೇಖನಕ್ಕೆ ಮೂರು ದಿನ ಬೇಕಾಗುತ್ತಿತ್ತು. ಒಂದೊಂದು ವಾಕ್ಯವನ್ನೂ ಮದುವೆಗೆ ಹೊರಟವರಂತೆ ಸಿಂಗರಿಸಿಯೇ ಹೊರಗೆ ಬಿಡುತ್ತಿದ್ದ. ಈ ಹೊತ್ತು ಒಡವೆ ಹುಡುಕಲು ಪುರುಸೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಐದು ಹಾಳೆ ತುಂಬಿದವು. ಅಕ್ಕ ತಿದ್ದಲೆಂದು ತೆಗೆದುಕೊಂಡವಳು ಮೊದಲ ಸಾಲಿನಲ್ಲೇ ನಿಂತಳು.

“‘ವಾಚಕ ಮಹಾಶಯರೇ’ ಎಲ್ಲಿ ಹೋಯ್ತೋ?”

“ಬೇಡ ಅನ್ನಿಸ್ತು.”

‘ಹೋದ ವಾರ ನಾನು ಬರೆದದ್ದು ತಪ್ಪು’ ಎಂದು ಲೇಖನ ಆರಂಭವಾಗಿತ್ತು. ಅಕ್ಕ ಕೊನೆಯವರೆಗೂ ಓದಿದಳು. ಎರಡು ಅಲ್ಪವಿರಾಮ ತೆಗೆದಳು, ಒಂದು ಕಡೆ ಕಾಗುಣಿತ ಸರಿಮಾಡಿದಳು, ಬೇರೇನೂ ಮುಟ್ಟದೆ ಗಂಡನ ಮುಂದಿಟ್ಟಳು. ಭಾವ ಓದುತ್ತಿದ್ದಷ್ಟು ಹೊತ್ತೂ ಗೊಣಗಿದರು. ಓದಿ ಮುಗಿಸಿದ ಮೇಲೆ ಗೊಣಗಲಿಲ್ಲ.

“ಹಾಕ್ತೀನಿ. ಆದ್ರೆ ಪತ್ರಿಕೆ ಹೊರಗೆ ಬರೋದು ಗುರುವಾರ. ಅವರ ಸಭೆ ನಾಳೆ. ಏನು ಮಾಡ್ತೀಯ?”

“ಅಚ್ಚಿನ ಕರಡು ತೆಕ್ಕೊಡಿ. ನಾನೇ ಕೊಂಡುಹೋಗ್ತೀನಿ.”

“ಏಳು ತಾಸಿನ ದಾರಿ ಕಣಯ್ಯ. ಅಲ್ಲಿ ಹೋಗಿ ಏನು ಹೇಳ್ತೀಯ? ನಾನೇ ಆ ದಡ್ಡ ಅಂತಾನಾ?”

“ಅಲ್ಲಿಂದಾನೇ ಶುರು ಮಾಡ್ತೀನಿ. ಕಾಮಿಕ್ ಓದಲ್ಲ, ವಿಮರ್ಶೆ ಓದ್ತೀನಿ ಅಂದ್ರಂತಲ್ಲ, ಇದನ್ನೂ ಓದಲಿ. ಆಮೇಲೆ ಈ ಹಾಳೆ ಅವರ ಮೇಜಿನ ಮೇಲೆ ಹರಡಿ, ಅವರ ಕೈಯಲ್ಲೇ ಮಡಿಸ್ತೀನಿ. ಒಂದು ಸಲ ತಪ್ಪಾಗಿ, ಒಂದು ಸಲ ಸರಿಯಾಗಿ.”

ಚಿತ್ರಗಾರ್ತಿ ಬಿಚ್ಚಿದ ಹಾಳೆಯನ್ನು ಅವನ ಕಡೆಗೆ ಸರಿಸಿದಳು. ಸರಿಸಿದ ಮೇಲೂ ಆಕೆಯ ಕೈ ತುಸು ಹೊತ್ತು ಅದರ ಮೇಲೆಯೇ ಇತ್ತು.

ಅವನು ಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಪೆಟ್ಟಿಗೆಯನ್ನು ಎಳೆದ. ಹನ್ನೊಂದು ವರ್ಷದ ದೂಳಿನ ನಡುವೆ ಅದಿದ್ದಷ್ಟು ಜಾಗ ಮಾತ್ರ ಚೊಕ್ಕವಾಗಿ, ಚೌಕವಾಗಿ ಉಳಿಯಿತು. ಎರಡು ಅಂಗಿ, ಒಂದು ಟವೆಲು, ನಲವತ್ತೇಳು ಸಂಚಿಕೆಗಳ ಕಟ್ಟು, ಲೇಖನದ ಅಚ್ಚಿನ ಕರಡು. ಪೆಟ್ಟಿಗೆಗೆ ಅಷ್ಟೇ ಸಾಕಾಯಿತು. ಬಾಗಿಲಲ್ಲಿ ನಿಂತಿದ್ದ ಅಕ್ಕ ಅಂಗಿಗಳನ್ನು ಎಣಿಸಿದವಳಂತೆ ಕಂಡಳು.

“ವಾಪಸು ಬರ್ತೀಯೇನೋ?”

“ಭಾವ ಅಂಕಣ ಉಳಿಸಿಕೊಂಡಿದ್ರೆ.”

“ಅವರನ್ನ ನಾನು ನೋಡ್ಕೊಳ್ತೀನಿ. ಕೇಳಿದ್ದು ನಿನ್ನನ್ನ.”

ಅವನು ಪೆಟ್ಟಿಗೆಯ ಕೊಂಡಿಯನ್ನು ಎರಡು ಸಲ ಹಾಕಿದ, ಮೊದಲ ಸಲ ಸರಿಯಾಗಿ ಕೂತಿರಲಿಲ್ಲ. ಮೇಜಿನ ಮೇಲಿದ್ದ ಲೇಖನಿಯನ್ನು ಜೇಬಿಗೆ ಹಾಕಿಕೊಂಡು, ಮಸಿಕುಡಿಕೆಯನ್ನು ಅಲ್ಲಿಯೇ ಬಿಟ್ಟ. ಅಕ್ಕ ಅದನ್ನು ನೋಡಿದಳು.

ನಾಲ್ಕು ಗಂಟೆಯ ಬಸ್ಸು ಅರ್ಧ ಖಾಲಿಯಿತ್ತು. “ಪೆಟ್ಟಿಗೆ ಮೇಲಕ್ಕೆ ಹಾಕಿ ಸ್ವಾಮಿ, ಕಾಲಿಗೆ ಅಡ್ಡ,” ಎಂದ ಕಂಡಕ್ಟರ್. ಅವನು ಪೆಟ್ಟಿಗೆಯನ್ನು ಮೇಲಕ್ಕೆ ಕೊಟ್ಟು, ಹಾಳೆಯನ್ನು ಮಾತ್ರ ಕೈಯಲ್ಲಿ ಉಳಿಸಿಕೊಂಡು ಕಿಟಕಿಯ ಪಕ್ಕ ಕುಳಿತ. ಬಸ್ಸು ನಿಲ್ದಾಣದ ಗೇಟು ದಾಟಿ ರಸ್ತೆಗೆ ತಿರುಗಿತು. ಅವನು ತೊಡೆಯ ಮೇಲೆ ಕಾಗದವನ್ನು ಬಿಚ್ಚಿ, ಅಡ್ಡಕ್ಕೆ ಒಮ್ಮೆ, ಉದ್ದಕ್ಕೆ ಒಮ್ಮೆ ಮಡಿಸಿ, ಅಂಚಿನ ಮೇಲೆ ಹೆಬ್ಬೆರಳ ಉಗುರನ್ನು ನಿಧಾನವಾಗಿ ಎಳೆದ.